ಹಲ್ಲನ್ನು ತಿನ್ನುವುದು ಹುಳವಲ್ಲ, ಹುಳಿ

ಎಳೆಯ ಮಕ್ಕಳ ಹುಳುಕು ಹಲ್ಲನ್ನು ಕುರಿತು ನಾಲ್ಕು ಮಾತು



ಈ ಸಲ ಹಸಿರು ಮೇವನ್ನು ಗುಂಡಿಯಲ್ಲಿಟ್ಟು ರಸಮೇವು ಮಾಡುವ ಕ್ರಮವನ್ನು ಬರೆಯಬೇಕೆಂದು ಎಣಿಸಿದ್ದೆ. ಆದರೆ ಹೋದ ಸುಗ್ಗಿಯಲ್ಲಿ ನನ್ನ ವೃತ್ತದ ಒಂದು ಹಳ್ಳಿಯಲ್ಲಿ ನಡೆದ ಸಂಗತಿಯೊಂದು ಮನಸ್ಸನ್ನು ಬೇರೆ ಕಡೆಗೆ ತಿರುಗಿಸಿತು. ಮೇವಿನ ಗುಂಡಿಯ ಮಾತು ಇಲ್ಲಿಯೂ ಬರುತ್ತದೆ, ಆದರೆ ಬೇರೊಂದು ಕಾರಣಕ್ಕೆ.

ಆ ದಿನ ಒಬ್ಬ ರೈತರ ಮನೆಗೆ ಕಬ್ಬಿನ ರವದಿಯನ್ನು ಸುಡದೆ ಗೊಬ್ಬರ ಮಾಡುವ ವಿಷಯ ಮಾತನಾಡಲು ಹೋಗಿದ್ದೆ. ಜಗಲಿಯ ಮೇಲೆ ಅಜ್ಜಿಯೊಬ್ಬರು ನಾಲ್ಕು ವರ್ಷದ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದರು. ಮಗುವಿನ ಬಲಗೆನ್ನೆ ಊದಿಕೊಂಡಿತ್ತು. ಅಳುವುದಕ್ಕೂ ಶಕ್ತಿಯಿಲ್ಲದೆ ನರಳುತ್ತಿತ್ತು.

"ಏನಾಯಿತಜ್ಜಿ ಮಗುವಿಗೆ?" ಎಂದೆ.

"ಹಲ್ಲಿಗೆ ಹುಳ ಬಿದ್ದದೆ ಕಣಪ್ಪಾ. ಮೂರು ರಾತ್ರಿಯಿಂದ ನಿದ್ದೆ ಇಲ್ಲ, ತುತ್ತು ಅನ್ನ ಒಳಕ್ಕೆ ಹೋಗಿಲ್ಲ. ನಿನ್ನೆ ಹೊಗೆ ಹಾಕೋನು ಬಂದಿದ್ದ. ನೋಡು, ಎಷ್ಟು ಹುಳ ಉದುರವೆ!" ಎಂದು ಅಜ್ಜಿ ತಟ್ಟೆಯೊಂದನ್ನು ಮುಂದೆ ತಳ್ಳಿದರು. ತಟ್ಟೆಯ ನೀರಿನಲ್ಲಿ ದಾರದ ತುಣುಕಿನಂಥ ಸಣ್ಣ ಬಿಳಿಯ ಸುರುಳಿಗಳು ಹತ್ತಿಪ್ಪತ್ತು ಇದ್ದವು.

ಈ ಹೊಗೆಯ ಚಿಕಿತ್ಸೆಯನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ನೆಲಗುಳ್ಳದ ಬೀಜವನ್ನು ಎಣ್ಣೆಯಲ್ಲಿ ಕಲಸಿ ಕಾದ ಕಬ್ಬಿಣದ ಮೇಲೆ ಹಾಕುತ್ತಾರೆ. ಏಳುವ ಹೊಗೆಯನ್ನು ಬಾಯಿಗೆ ಹಿಡಿಸುತ್ತಾರೆ. ಆಮೇಲೆ ನೀರಿನಲ್ಲಿ ಹುಳ ತೋರಿಸುತ್ತಾರೆ.

ನೆಲಗುಳ್ಳ ಬದನೆಯ ಜಾತಿಯ ಗಿಡ. ಈ ಜಾತಿಯ ಬೀಜಗಳಲ್ಲಿ ಮೊಳಕೆಯ ಭ್ರೂಣ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ ಎಂದು ಡಿಪ್ಲೊಮಾ ತರಗತಿಯಲ್ಲಿ ಓದಿದ್ದೆ. ಅಲ್ಲೇ ಉಳಿದಿದ್ದ ನಾಲ್ಕು ಬೀಜಗಳನ್ನು ಕೇಳಿ ತಂದು ರಾತ್ರಿ ನೆನೆಹಾಕಿದೆ. ಮರುದಿನ ಬೆಳಿಗ್ಗೆ ಅಜ್ಜಿಯ ಎದುರಿಗೇ ಬ್ಲೇಡಿನಿಂದ ಸೀಳಿ, ಭೂತಗನ್ನಡಿ ಅವರ ಕೈಗೆ ಕೊಟ್ಟೆ. ತಟ್ಟೆಯಲ್ಲಿದ್ದಂಥದೇ ಬಿಳಿಯ ಸುರುಳಿ ಬೀಜದೊಳಗೆ ಇತ್ತು. ಬಿಸಿಗೆ ಬೀಜ ಸಿಡಿದಾಗ ಹಾರಿ ಬೀಳುವುದು ಇದೇ.

ಅಜ್ಜಿ ಬಹಳ ಹೊತ್ತು ನೋಡಿದರು. ಆಮೇಲೆ, "ಹಾಗಾದ್ರೆ ನನ್ನ ಕೂಸಿನ ಹಲ್ಲು ತಿಂದವರು ಯಾರಪ್ಪಾ?" ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಅದೇ ದಿನ ಮಗುವನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹಲ್ಲಿನ ಡಾಕ್ಟರಮ್ಮನವರು ಬಾಯಿ ಬಿಡಿಸಿ ನೋಡಿದರು. ಒಂದು ದವಡೆ ಹಲ್ಲಿನ ಬೇರಿನಲ್ಲಿ ಕೀವು ತುಂಬಿತ್ತು. ಅದನ್ನು ಕೀಳದೆ ಬೇರೆ ದಾರಿಯಿರಲಿಲ್ಲ. ಮೇಲಿನ ಮುಂಹಲ್ಲುಗಳು ಕಂದು ಬಣ್ಣದ ಮೊಟುಕುಗಳಾಗಿದ್ದವು. "ರಾತ್ರಿ ಮಗುವಿಗೆ ಏನು ಕೊಡುತ್ತಿದ್ದಿರಿ?" ಎಂದು ಅವರು ಕೇಳಿದರು. ಮೂರು ವರ್ಷದವರೆಗೂ ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗುತ್ತಿತ್ತು ಎಂದು ತಾಯಿ ಹೇಳಿದರು. "ಹಗಲಿನಲ್ಲಿ ಸಿಹಿ ತಿಂಡಿ ಯಾರು ಕೊಡುತ್ತಾರೆ?" ಎಂದು ಡಾಕ್ಟರಮ್ಮ ಮಗುವನ್ನೇ ಕೇಳಿದರು. ಮಗು ನನ್ನ ಕಡೆಗೆ ಬೆರಳು ತೋರಿಸಿತು.

ಹೌದು. ಹಳ್ಳಿಗೆ ಹೋಗುವಾಗ ಜೇಬಿನ ತುಂಬ ಪೆಪ್ಪರಮೆಂಟು ಇಟ್ಟುಕೊಳ್ಳುವುದು ನನ್ನ ಅಭ್ಯಾಸವಾಗಿತ್ತು. ಮಕ್ಕಳು ಓಡಿ ಬಂದರೆ ಹಿಂದೆಯೇ ತಾಯಂದಿರೂ ಸಭೆಗೆ ಬರುತ್ತಾರೆಂಬ ಉಪಾಯ. ಆ ದಿನದಿಂದ ನಾನು ಡಾಕ್ಟರಮ್ಮನವರಲ್ಲಿ ಕೇಳಿಯೂ ಪುಸ್ತಕಗಳನ್ನು ಓದಿಯೂ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಯಿಯೂ ಒಂದು ಹೊಲ

ಹೊಲದ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ತುಂಬಿರುತ್ತವೆ ಎಂಬುದನ್ನು ನೀವು ಬಲ್ಲಿರಿ. ಕೆಲವು ತೊಗರಿ, ಅವರೆಯ ಬೇರಿನಲ್ಲಿದ್ದು ಸಾರಜನಕ ಕೂಡಿಡುತ್ತವೆ, ಕೆಲವು ಬೇರು ಕೊಳೆಯಿಸುತ್ತವೆ. ನಮ್ಮ ಬಾಯಿಯೂ ಅಂಥದೇ ಒಂದು ಹೊಲ. ಅಲ್ಲಿ ನೂರಾರು ಬಗೆಯ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಇವನ್ನು ಮೊದಲು ಕಂಡವರು ಹಾಲೆಂಡಿನ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ. ಅವರು ತಾವೇ ಉಜ್ಜಿ ಮಾಡಿದ ಮಸೂರದ ಕೆಳಗೆ ತಮ್ಮ ಹಲ್ಲಿನ ಪಾಚಿಯನ್ನು ಇಟ್ಟು ನೋಡಿ, ಅದರಲ್ಲಿ ಚಲಿಸುವ ಸಣ್ಣ ಜೀವಿಗಳನ್ನು ಕಂಡು 1683ರಲ್ಲಿ ಬರೆದು ತಿಳಿಸಿದರು.

ಈ ಜೀವಿಗಳಲ್ಲಿ ಬಹುಪಾಲು ನಿರುಪದ್ರವಿಗಳು. ಹಲ್ಲಿಗೆ ಕೇಡು ತರುವವುಗಳಲ್ಲಿ ಮುಖ್ಯವಾದುದು ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಎಂಬ ಬ್ಯಾಕ್ಟೀರಿಯ. ಇದನ್ನು 1924ರಲ್ಲಿ ಲಂಡನ್ನಿನಲ್ಲಿ ಕ್ಲಾರ್ಕ್ ಎಂಬವರು ಹುಳುಕು ಹಲ್ಲುಗಳಿಂದ ಬೇರ್ಪಡಿಸಿ ವರ್ಣಿಸಿದರು. ಇದರ ಜೊತೆಗೆ ಹುಳಿ ಮಾಡುವ ಇನ್ನೂ ಕೆಲವು ಜಾತಿಗಳಿವೆ. ಮನೆಮಾತಿನಲ್ಲಿ ಇವನ್ನೂ ಕ್ರಿಮಿಗಳೆನ್ನುತ್ತೇವೆ. ಆದರೆ ಇವು ತೆವಳುವ ಹುಳಗಳಲ್ಲ, ಹಲ್ಲನ್ನು ಕಚ್ಚಿ ತಿನ್ನುವ ಬಾಯಿಯೂ ಇವಕ್ಕಿಲ್ಲ. ಸಾವಿರ ಕ್ರಿಮಿಗಳನ್ನು ಸಾಲಾಗಿ ನಿಲ್ಲಿಸಿದರೂ ಸಾಲಿನ ಉದ್ದ ಒಂದು ಮಿಲಿಮೀಟರಿನ ಆಸುಪಾಸು.

ಕ್ರಿಮಿಯೊಂದಿದ್ದರೆ ಸಾಲದು, ಅದಕ್ಕೆ ಮೇವೂ ಬೇಕು. ಅಮೆರಿಕದ ವಿಜ್ಞಾನಿಗಳು 1954ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಯಾವ ಸೂಕ್ಷ್ಮಜೀವಿಯೂ ಸೋಕದಂತೆ ಸಾಕಿದ ಇಲಿಗಳಿಗೆ ಸಿಹಿಯಾದ ಆಹಾರವನ್ನೇ ಕೊಟ್ಟರೂ ಹಲ್ಲು ಹುಳುಕಲಿಲ್ಲ. ಅದೇ ಆಹಾರ ತಿಂದ, ಆದರೆ ಬಾಯಲ್ಲಿ ಬ್ಯಾಕ್ಟೀರಿಯಗಳಿದ್ದ ಇಲಿಗಳಿಗೆ ಹುಳುಕು ಬಂತು. ಬೀಜವೂ ಗೊಬ್ಬರವೂ ಕೂಡಿದರೆ ತಾನೇ ಬೆಳೆ! ಬಾಯೊಳಗಿನ ಬೀಜವನ್ನು ಪೂರ್ತಿ ಕಿತ್ತುಹಾಕುವುದು ಯಾರಿಂದಲೂ ಆಗದು. ಗೊಬ್ಬರ ಹಾಕುವುದನ್ನು ಮಾತ್ರ ನಾವು ತಡೆಯಬಹುದು.

ಸಿಹಿ ಹುಳಿಯಾಗುವ ಬಗೆ

ಹಾಲಿಗೆ ಹೆಪ್ಪು ಹಾಕಿದರೆ ರಾತ್ರಿ ಕಳೆಯುವುದರೊಳಗೆ ಮೊಸರಾಗುತ್ತದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವೆಂಬ ಹುಳಿಯನ್ನು ಹೊರಕ್ಕೆ ಬಿಡುವುದೇ ಇದಕ್ಕೆ ಕಾರಣ. ರಸಮೇವಿನ ಗುಂಡಿಯಲ್ಲಿ ನಡೆಯುವುದೂ ಇದೇ. ಹಸಿರು ಜೋಳದ ಮೇವನ್ನು ಕತ್ತರಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿದರೆ ಒಳಗಿನ ಬ್ಯಾಕ್ಟೀರಿಯಗಳು ದಂಟಿನ ಸಿಹಿಯನ್ನು ಅದೇ ಹುಳಿಯಾಗಿ ಮಾಡುತ್ತವೆ. ಬೇಗ ಹುಳಿಯಾಗಲೆಂದು ನಾವು ಒಂದಿಷ್ಟು ಕಾಕಂಬಿಯನ್ನೋ ಬೆಲ್ಲದ ನೀರನ್ನೋ ಚಿಮುಕಿಸುತ್ತೇವೆ.

ಮಗುವಿನ ಹಲ್ಲಿನ ಮೇಲೆ ಪಾಚಿಯ ಪದರ ಕಟ್ಟಿ, ಅದರ ಮೇಲೆ ಬೆಲ್ಲವೋ ಸಕ್ಕರೆಯೋ ಬಿದ್ದರೆ ಅಲ್ಲೊಂದು ಅತಿ ಚಿಕ್ಕ ಮೇವಿನ ಗುಂಡಿ ಸಿದ್ಧವಾದಂತೆಯೇ. ಗುಂಡಿಯಲ್ಲಿ ಈ ಹುಳಿ ಮೇವನ್ನು ಕಾಪಾಡುತ್ತದೆ. ಬಾಯಿಯಲ್ಲಿ ಹಲ್ಲನ್ನು ಕೆಡಿಸುತ್ತದೆ.

ಕ್ರಿಮಿ ಹುಳಿ ಮಾಡುವುದು ನಮ್ಮ ಮೇಲಿನ ದ್ವೇಷದಿಂದಲ್ಲ, ತನ್ನ ಹೊಟ್ಟೆಪಾಡಿಗೆ. ಬದುಕಲು ಅದಕ್ಕೂ ಶಕ್ತಿ ಬೇಕು. ನಾವು ತಿನ್ನುವ ಸಕ್ಕರೆಯನ್ನು ಅದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳಾಗಿ ಒಡೆಯುತ್ತದೆ. ಆಮೇಲೆ ಗ್ಲೂಕೋಸನ್ನು ಹಂತಹಂತವಾಗಿ ಸೀಳಿ ಶಕ್ತಿಯನ್ನು ಪಡೆಯುತ್ತದೆ. ಇದಕ್ಕೆ ಗಾಳಿ ಬೇಕಿಲ್ಲ. ಒಲೆಯಲ್ಲಿ ಸೌದೆ ಉರಿದ ಮೇಲೆ ಬೂದಿ ಉಳಿಯುವಂತೆ, ಒಂದು ಗ್ಲೂಕೋಸಿನಿಂದ ಎರಡು ಪಾಲು ಲ್ಯಾಕ್ಟಿಕ್ ಆಮ್ಲ ಉಳಿಯುತ್ತದೆ. ಆ ಬೂದಿಯನ್ನು ಕ್ರಿಮಿ ಹೊರಕ್ಕೆ ಚೆಲ್ಲುತ್ತದೆ. ಅದು ಬೀಳುವುದು ಹಲ್ಲಿನ ಮೇಲೆ.

ಈ ಮ್ಯೂಟಾನ್ಸ್ ಕ್ರಿಮಿಗೆ ಇನ್ನೂ ಮೂರು ಜಾಣತನಗಳಿವೆ.

ಮೊದಲನೆಯದು, ಅದು ಸಕ್ಕರೆಯ ಒಂದು ಪಾಲಿನಿಂದ ಅಂಟು ತಯಾರಿಸುತ್ತದೆ. ಆ ಅಂಟಿನಿಂದ ತಾನೂ ತನ್ನ ಬಳಗವೂ ಹಲ್ಲಿಗೆ ಭದ್ರವಾಗಿ ಹಿಡಿದುಕೊಳ್ಳುತ್ತವೆ. ಬರಿಯ ನೀರು ಮುಕ್ಕಳಿಸಿದರೆ ಪಾಚಿ ಹೋಗದಿರುವುದು ಇದರಿಂದಲೇ. ಉಜ್ಜಿಯೇ ತೆಗೆಯಬೇಕು.

ಎರಡನೆಯದು, ಸಿಹಿ ಹೆಚ್ಚಾಗಿ ಸಿಕ್ಕಿದಾಗ ಒಂದಿಷ್ಟನ್ನು ತನ್ನೊಳಗೆ ಕೂಡಿಡುತ್ತದೆ. ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬುತ್ತಿದ್ದಂತೆ! ಮಗು ತಿನ್ನುವುದನ್ನು ನಿಲ್ಲಿಸಿದ ಮೇಲೂ ಆ ದಾಸ್ತಾನನ್ನು ಕರಗಿಸಿಕೊಂಡು ಸ್ವಲ್ಪಸ್ವಲ್ಪ ಹುಳಿಯನ್ನು ಬಿಡುತ್ತಲೇ ಇರುತ್ತದೆ.

ಮೂರನೆಯದು, ತಾನು ಮಾಡಿದ ಹುಳಿಯಲ್ಲಿ ತಾನು ಸಾಯುವುದಿಲ್ಲ. ಒಳಕ್ಕೆ ನುಗ್ಗುವ ಹುಳಿಯನ್ನು, ಬಾವಿಯ ನೀರನ್ನು ಪಂಪಿನಿಂದ ಎತ್ತಿದಂತೆ, ಹೊರಕ್ಕೆ ಎತ್ತಿಹಾಕುತ್ತದೆ. ಹುಳಿ ತಾಳದ ಸಾಧು ಬ್ಯಾಕ್ಟೀರಿಯಗಳು ಕಡಮೆಯಾಗಿ ಇದರ ಬಳಗವೇ ಹಬ್ಬುತ್ತದೆ. ಹುಳಿ ಮಣ್ಣಿನಲ್ಲಿ ಒಳ್ಳೆಯ ಬೆಳೆ ಕುಗ್ಗಿ, ಹುಳಿಗೆ ಒಗ್ಗಿದ ಕಳೆ ಹೆಚ್ಚುವಂತೆಯೇ ಇದು.

ಹಾಗಾದರೆ ಮೊಸರೂ ಹುಳಿ, ಅದನ್ನೂ ಕೊಡಬಾರದೇ ಎಂದು ಕೇಳಬಹುದು. ಊಟದಲ್ಲಿ ತಿನ್ನುವ ಮೊಸರು ಹಲ್ಲಿಗೆ ಅಂಟಿಕೊಂಡು ಕೂರುವುದಿಲ್ಲ. ಹಲ್ಲಿಗೆ ಬೇಕಾದ ಸುಣ್ಣವೂ ಅದರಲ್ಲಿದೆ. ಸಕ್ಕರೆ ಬೆರೆಸದ ಮೊಸರನ್ನು ಮಗುವಿಗೆ ಧಾರಾಳವಾಗಿ ಕೊಡಿ. ಕೇಡು ಬರುವುದು ಹಲ್ಲಿನ ಮೈಮೇಲೆಯೇ ಗಂಟೆಗಟ್ಟಲೆ ತಯಾರಾಗುವ ಹುಳಿಯಿಂದ.

ಹಲ್ಲು ಕರಗುವ ಬಗೆ

ಹಲ್ಲಿನ ಹೊರಮೈಯ ಗಾಜಿನಂಥ ಹೊದಿಕೆಗೆ ಎನಾಮಲ್ ಎಂದು ಹೆಸರು. ನಮ್ಮ ದೇಹದಲ್ಲೆಲ್ಲಾ ಗಟ್ಟಿಯಾದ ವಸ್ತು ಇದೇ. ಅದರ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ, ಅಂದರೆ ಮುಖ್ಯವಾಗಿ ಸುಣ್ಣ ಮತ್ತು ರಂಜಕ. ನಾವು ಗೊಬ್ಬರವಾಗಿ ಬಳಸುವ ಶಿಲಾರಂಜಕವೂ ಇದೇ ಕುಲದ ಖನಿಜ. ಶಿಲಾರಂಜಕ ನೀರಿನಲ್ಲಿ ಕರಗದು. ಅದಕ್ಕೆ ಗಂಧಕಾಮ್ಲ ಬೆರೆಸಿದಾಗ ಕರಗುವ ಸೂಪರ್ ಫಾಸ್ಫೇಟ್ ಆಗುತ್ತದೆ. ಮಲೆನಾಡಿನ ಹುಳಿ ಮಣ್ಣಿನಲ್ಲಾದರೆ ಶಿಲಾರಂಜಕವನ್ನು ಹಾಗೆಯೇ ಹಾಕಿದರೂ ನಿಧಾನವಾಗಿ ಕರಗುತ್ತದೆ. ನೀರಿಗೆ ಜಗ್ಗದ ಈ ಖನಿಜ ಹುಳಿಗೆ ಸೋಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ರೈತನಿಗೆ ಬೇಡ. ತಾಯಂದಿರು ಅಡಿಗೆ ಮನೆಯಲ್ಲೇ ಇಂಥದೊಂದನ್ನು ನೋಡಬಹುದು. ಕಡಪ ಕಲ್ಲಿನ ಮೇಲೆ ನಿಂಬೆರಸ ಚೆಲ್ಲಿ ಒಂದಿಷ್ಟು ಹೊತ್ತು ಬಿಟ್ಟರೆ ಆ ಜಾಗದಲ್ಲಿ ಹೊಳಪು ಹೋಗಿ ಮಂಕಾಗುತ್ತದೆ. ಅದು ಸುಣ್ಣದ ಕಲ್ಲು. ಹುಳಿ ಅದರ ಮೈಯನ್ನು ತಿಂದಿರುತ್ತದೆ.

ಬರ್ಲಿನ್ನಿನಲ್ಲಿದ್ದ ಅಮೆರಿಕದ ದಂತವೈದ್ಯ ಮಿಲ್ಲರ್ ಅವರು ಕಿತ್ತ ಹಲ್ಲುಗಳನ್ನು ಜೊಲ್ಲು ಮತ್ತು ರೊಟ್ಟಿಯ ಮಿಶ್ರಣದಲ್ಲಿ ಬೆಚ್ಚಗೆ ಇಟ್ಟು ನೋಡಿದರು. ಹಲ್ಲಿನ ಸುಣ್ಣ ಕರಗಿತು. ಜೊಲ್ಲನ್ನು ಮೊದಲೇ ಕುದಿಸಿ ಕ್ರಿಮಿಗಳನ್ನು ಕೊಂದರೆ ಕರಗಲಿಲ್ಲ. ಕ್ರಿಮಿ ಮಾಡುವ ಹುಳಿಯೇ ಹಲ್ಲಿನ ಶತ್ರುವೆಂದು ಅವರು 1890ರಲ್ಲಿ ಪುಸ್ತಕ ಬರೆದರು.

ಮಣ್ಣು ಪರೀಕ್ಷೆಯ ವರದಿಯಲ್ಲಿ ರಸಸಾರವೆಂಬ ಅಂಕಿ ಇರುತ್ತದಲ್ಲವೇ? 7 ಎಂದರೆ ಸಮ, ಅದಕ್ಕಿಂತ ಕಡಮೆಯಾದಷ್ಟೂ ಹುಳಿ. ಬಾಯಿಗೂ ಅದೇ ಅಳತೆ. ಸಾಧಾರಣವಾಗಿ ಬಾಯಿಯ ರಸಸಾರ 7ರ ಹತ್ತಿರವಿರುತ್ತದೆ. ಅದು ಸುಮಾರು 5.5ಕ್ಕಿಂತ ಕೆಳಕ್ಕೆ ಇಳಿದರೆ ಎನಾಮಲ್ ಕರಗಲು ತೊಡಗುತ್ತದೆ. ಅಮೆರಿಕದ ಸ್ಟೀಫನ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ಹಲ್ಲಿನ ಪಾಚಿಯ ರಸಸಾರವನ್ನೇ ಅಳೆದರು. ಸಿಹಿನೀರು ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಅದು ಕೆಳಕ್ಕೆ ಬಿತ್ತು. ಮತ್ತೆ ಮೇಲೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಿತು.

ಮೇಲೆ ತರುವುದು ಯಾರು? ನಮ್ಮ ಜೊಲ್ಲು. ಅದನ್ನು ಎಂಜಲೆಂದು ಹೀಗಳೆಯುತ್ತೇವೆ, ಆದರೆ ಹಲ್ಲಿನ ಮಟ್ಟಿಗೆ ಅದು ಅಮೃತ. ಹುಳಿಯನ್ನು ತೊಳೆಯುತ್ತದೆ, ಹುಳಿ ಮಣ್ಣಿಗೆ ಹಾಕಿದ ಸುಣ್ಣದಂತೆ ಅದನ್ನು ಶಮನಗೊಳಿಸುತ್ತದೆ, ಕರಗಿಹೋದ ಸುಣ್ಣ ಮತ್ತು ರಂಜಕವನ್ನು ಹಲ್ಲಿಗೆ ಮರಳಿ ಕೊಡುತ್ತದೆ. ಜೊಲ್ಲಿನಲ್ಲಿ ಅಲ್ಪಸ್ವಲ್ಪ ಯೂರಿಯಾ ಕೂಡ ಇದೆ. ನೀವು ಪೈರಿಗೆ ಹಾಕುವ ಅದೇ ಯೂರಿಯಾ. ಮಣ್ಣಿನಲ್ಲಿ ಅದು ಅಮೋನಿಯ ಆಗುವಂತೆ, ಬಾಯಿಯ ಕೆಲವು ಸಾಧು ಬ್ಯಾಕ್ಟೀರಿಯಗಳು ಅದನ್ನು ಅಮೋನಿಯ ಮಾಡಿ ಹುಳಿಯನ್ನು ತಗ್ಗಿಸುತ್ತವೆ.

ಹೀಗೆ ದಿನವೂ ಹಲ್ಲು ಕರಗುತ್ತದೆ, ದಿನವೂ ರಿಪೇರಿಯಾಗುತ್ತದೆ. ಕರಗುವುದು ಹೆಚ್ಚಿ ರಿಪೇರಿ ಹಿಂದೆ ಬಿದ್ದರೆ ಮೊದಲು ಒಸಡಿನ ಅಂಚಿನಲ್ಲಿ ಸುಣ್ಣ ಬಳಿದಂಥ ಮಂಕಾದ ಬಿಳಿಯ ಗೆರೆ ಕಾಣುತ್ತದೆ. ಆ ಹಂತದಲ್ಲಿ ಎಚ್ಚೆತ್ತರೆ ಹಲ್ಲು ಉಳಿಯುತ್ತದೆ. ಬಿಟ್ಟರೆ ಕಂದಾಗಿ, ಗುಳಿಬಿದ್ದು, ಒಳಗಿನ ಜೀವಂತ ನರವನ್ನು ಮುಟ್ಟುತ್ತದೆ. ಅಲ್ಲಿಂದ ನೋವು, ಕೀವು, ಊತ.

ಎಷ್ಟು ಎನ್ನುವುದಕ್ಕಿಂತ ಎಷ್ಟು ಸಲ

ಇದು ನಾನು ತಿಳಿದುಕೊಂಡುದರಲ್ಲೆಲ್ಲಾ ಮುಖ್ಯವಾದ ಮಾತು. ಮಗುವಿಗೆ ನಾಲ್ಕು ಪೆಪ್ಪರಮೆಂಟನ್ನು ಊಟದ ಜೊತೆಗೆ ಒಂದೇ ಸಲ ಕೊಟ್ಟಿರೆಂದು ಇಟ್ಟುಕೊಳ್ಳಿ. ಬಾಯಿ ಒಂದು ಸಲ ಹುಳಿಯಾಗಿ ಒಂದು ಗಂಟೆಯೊಳಗೆ ಸರಿಹೋಗುತ್ತದೆ. ಅದೇ ನಾಲ್ಕನ್ನು ಗಂಟೆಗೊಂದರಂತೆ ಕೊಟ್ಟರೆ ನಾಲ್ಕು ಸಲ ಹುಳಿ. ಒಂದರ ಹುಳಿ ಆರುವ ಹೊತ್ತಿಗೆ ಮತ್ತೊಂದು! ಜೊಲ್ಲಿಗೆ ರಿಪೇರಿ ಮಾಡಲು ಬಿಡುವೇ ಸಿಗುವುದಿಲ್ಲ. ರಾಗಿಯ ಹೊಲಕ್ಕೆ ಒಂದು ಸಲ ನೀರು ಹಾಯಿಸಿ ಆರಲು ಬಿಟ್ಟರೆ ಬೇರು ಸುಖವಾಗಿರುತ್ತದೆ. ಅಷ್ಟೇ ನೀರನ್ನು ದಿನವೆಲ್ಲ ಹನಿಸಿ ಕೆಸರು ಮಾಡಿಟ್ಟರೆ ಬೇರು ಕೊಳೆಯುತ್ತದೆ.

ಸ್ವೀಡನ್ ದೇಶದಲ್ಲಿ 1945ರಿಂದ 1953ರವರೆಗೆ ವಿಪೆಹೋಲ್ಮ್ ಎಂಬ ಆಸ್ಪತ್ರೆಯಲ್ಲಿ ಇದನ್ನು ಪರೀಕ್ಷಿಸಿದರು. ಊಟದ ಜೊತೆ ಸಕ್ಕರೆ ತಿಂದವರಿಗೆ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ಊಟಗಳ ನಡುವೆ ಅಂಟುವ ಮಿಠಾಯಿ ತಿಂದವರಿಗೆ ಬಹಳ ಹೆಚ್ಚಿತು. ತಮ್ಮ ಒಪ್ಪಿಗೆಯನ್ನು ಹೇಳಲಾರದ ಬುದ್ಧಿಮಾಂದ್ಯ ರೋಗಿಗಳ ಮೇಲೆ ನಡೆಸಿದ ಈ ಪರೀಕ್ಷೆ ನ್ಯಾಯವಾದುದಲ್ಲವೆಂದು ಆಮೇಲೆ ಎಲ್ಲರೂ ಖಂಡಿಸಿದ್ದಾರೆ. ಅವರು ನೋವು ತಿಂದು ಕಲಿಸಿದ ಪಾಠವನ್ನು ನಾವು ಮರೆಯಕೂಡದು.

ಬೆಲ್ಲ ದೇಶೀ ಪದಾರ್ಥ, ಅದರಿಂದ ಕೇಡಿಲ್ಲ ಎಂಬ ನಂಬಿಕೆ ನಮ್ಮ ಆಲೆಮನೆಗಳ ಸೀಮೆಯಲ್ಲಿ ಬಲವಾಗಿದೆ. ಬೆಲ್ಲದ ಬಹುಪಾಲು ಅದೇ ಸಕ್ಕರೆ. ಕ್ರಿಮಿಗೆ ಬೆಲ್ಲ, ಸಕ್ಕರೆ, ಜೇನು ಎಂಬ ಭೇದವಿಲ್ಲ. ಹಲ್ಲಿನ ಸಂದಿಗೆ ಮೆತ್ತುವ ಬಿಸ್ಕತ್ತೂ ಹಾಗೆಯೇ. ಇಂಥ ಸಿಹಿಗಳೆಲ್ಲ ಸೇರಿ ದಿನದ ಆಹಾರದ ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲಿಗಿಂತ ಕಡಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ಮಾಡಿದೆ.

ಎಳೆಯ ಮಕ್ಕಳಿಗೆ ಹೆಚ್ಚು ಅಪಾಯವೇಕೆ?

ಹಾಲುಹಲ್ಲಿನ ಎನಾಮಲ್ ದೊಡ್ಡವರ ಹಲ್ಲಿಗಿಂತ ತೆಳು. ಆದುದರಿಂದ ಹುಳುಕು ಬೇಗ ನರಕ್ಕೆ ತಲಪುತ್ತದೆ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಮೆಯಾಗುತ್ತದೆ. ಆಗ ಬಾಯಲ್ಲಿ ಸಿಹಿಹಾಲಿನ ಬಾಟಲಿ ಇದ್ದರೆ ಮೇಲಿನ ಮುಂಹಲ್ಲುಗಳು ರಾತ್ರಿಯೆಲ್ಲ ಸಿಹಿಯಲ್ಲಿ ಮುಳುಗಿರುತ್ತವೆ. ಕೆಳಗಿನ ಮುಂಹಲ್ಲುಗಳನ್ನು ನಾಲಿಗೆಯೂ ಜೊಲ್ಲೂ ಕಾಪಾಡುತ್ತವೆ. ಅದಕ್ಕಾಗಿಯೇ ಆ ಮಗುವಿನ ಮೇಲಿನ ಹಲ್ಲುಗಳು ಮೊಟುಕಾಗಿ, ಕೆಳಗಿನವು ಮುತ್ತಿನಂತೆ ಉಳಿದಿದ್ದವು.

ಹುಟ್ಟಿದ ಕೂಸಿನ ಬಾಯಲ್ಲಿ ಮ್ಯೂಟಾನ್ಸ್ ಸಾಮಾನ್ಯವಾಗಿ ಇರುವುದಿಲ್ಲ. ಮಗುವನ್ನು ನೋಡಿಕೊಳ್ಳುವವರ ಎಂಜಲಿನಿಂದ, ಹೆಚ್ಚಾಗಿ ತಾಯಿಯಿಂದ, ಅದು ಬರುತ್ತದೆ. ಇದನ್ನು ಓದಿ ತಾಯಂದಿರು ನೊಂದುಕೊಳ್ಳಬೇಕಾಗಿಲ್ಲ. ಮುದ್ದಾಡುವುದನ್ನು ಬಿಡಬೇಕಾಗಿಯೂ ಇಲ್ಲ. ತಾಯಿ ತನ್ನ ಹುಳುಕು ಹಲ್ಲನ್ನು ತೋರಿಸಿ ಸರಿಮಾಡಿಸಿಕೊಂಡರೆ ಮಗುವಿಗೂ ಕ್ಷೇಮ. ಅಗಿದು ತುತ್ತು ಕೊಡುವುದನ್ನೂ ಒಂದೇ ಚಮಚದಲ್ಲಿ ತಿನ್ನುವುದನ್ನೂ ತಪ್ಪಿಸಬೇಕು.

"ಹೇಗಿದ್ದರೂ ಬೀಳುವ ಹಲ್ಲು"

ಈ ಮಾತನ್ನು ಎಲ್ಲ ಊರುಗಳಲ್ಲೂ ಕೇಳಿದ್ದೇನೆ. ಹಾಲುಹಲ್ಲು ಇಪ್ಪತ್ತು. ಮೊದಲನೆಯದು ಸುಮಾರು ಆರು ತಿಂಗಳಿಗೆ ಮೂಡುತ್ತದೆ, ಎರಡೂವರೆ ಮೂರು ವರ್ಷಕ್ಕೆ ಎಲ್ಲವೂ ಬಂದಿರುತ್ತವೆ. ಅವುಗಳಲ್ಲಿ ಹಿಂದಿನ ದವಡೆ ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕಾದವು. ಅಷ್ಟು ವರ್ಷ ಮಗು ಅನ್ನ, ಸೊಪ್ಪು, ಕಾಳು ಅಗಿಯಬೇಕಾದದ್ದು ಅವುಗಳಿಂದಲೇ. ನೋವಿರುವ ಮಗು ತಿನ್ನುವುದಿಲ್ಲ, ತಿನ್ನದ ಮಗು ಬೆಳೆಯುವುದಿಲ್ಲ. ಸಾಲುನಾಟಿಯಲ್ಲಿ ದಾರ ಹಿಡಿದು ಜಾಗ ಕಾಯುವಂತೆ ಹಾಲುಹಲ್ಲು ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಕಾಯುತ್ತದೆ. ಮುಂಚೆಯೇ ಕಿತ್ತರೆ ಅಕ್ಕಪಕ್ಕದವು ವಾಲಿ, ಹೊಸ ಹಲ್ಲು ಸೊಟ್ಟಾಗಿ ಹುಟ್ಟಬಹುದು. ಬೇರಿನಲ್ಲಿ ಕೀವಾದರೆ ಒಳಗೆ ಬೆಳೆಯುತ್ತಿರುವ ಹಲ್ಲಿಗೂ ಧಕ್ಕೆ ತಗಲಬಹುದು. ಸಸಿಮಡಿ ಕೆಟ್ಟರೆ ಬೆಳೆ ಚೆನ್ನಾಗಿ ಬಂದೀತೇ?

ಫ್ಲೋರೈಡಿನ ಮಾತು

ಹಲ್ಲಿನ ಅನೇಕ ಪೇಸ್ಟುಗಳಲ್ಲಿ ಫ್ಲೋರೈಡ್ ಎಂಬ ಲವಣ ಸೇರಿರುತ್ತದೆ. ಅದು ಹಲ್ಲಿನ ಖನಿಜದೊಡನೆ ಸೇರಿ ಹುಳಿಗೆ ಬೇಗ ಕರಗದಂತೆ ಮಾಡುತ್ತದೆ. ಕ್ರಿಮಿ ಸಕ್ಕರೆಯನ್ನು ಸೀಳುವ ಕೆಲಸಕ್ಕೂ ಒಂದಿಷ್ಟು ಅಡ್ಡಿ ಮಾಡುತ್ತದೆ. ಆದರೆ ಯಾವ ಗೊಬ್ಬರವೂ ಅತಿಯಾದರೆ ವಿಷವಲ್ಲವೇ? ನಮ್ಮ ರಾಜ್ಯದ ಪಾವಗಡ, ಮುಂಡರಗಿ ಮೊದಲಾದ ಸೀಮೆಗಳಲ್ಲಿ, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ರಾಯಚೂರು ಜಿಲ್ಲೆಗಳ ಅನೇಕ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಅತಿಯಾಗಿ, ಹಲ್ಲು ಕಂದು ಮಚ್ಚೆಗಟ್ಟುವುದೂ ಮೂಳೆ ಬಾಗುವುದೂ ಉಂಟು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದು. ಅಂಥ ಊರಿನವರು ನೀರನ್ನು ಪರೀಕ್ಷೆ ಮಾಡಿಸಿ, ಮಕ್ಕಳ ಪೇಸ್ಟಿನ ವಿಷಯದಲ್ಲಿ ದಂತವೈದ್ಯರ ಸಲಹೆ ಕೇಳಿ ನಡೆಯಬೇಕು.

ಮನೆಯಲ್ಲಿ ಮಾಡಬೇಕಾದದ್ದು

1. ಹಲ್ಲು ಮೂಡುವ ಮೊದಲೇ ಒದ್ದೆ ಮಾಡಿದ ಶುಭ್ರವಾದ ಬಟ್ಟೆಯಿಂದ ಕೂಸಿನ ಒಸಡನ್ನು ಒರೆಸುವ ರೂಢಿ ಮಾಡಿ. ಮೊದಲ ಹಲ್ಲು ಕಂಡ ದಿನದಿಂದ ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ಮೃದುವಾದ ಚಿಕ್ಕ ಬ್ರಷ್ಷಿನಿಂದ ಉಜ್ಜಿ. ಎರಡರಲ್ಲಿ ರಾತ್ರಿಯದೇ ಹೆಚ್ಚು ಮುಖ್ಯ.

2. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟು, ಮೂರರಿಂದ ಆರರವರೆಗೆ ಬಟಾಣಿಕಾಳಿನಷ್ಟು ಸಾಕು. ಉಗುಳಲು ಕಲಿಸಿ, ನುಂಗಲು ಬಿಡಬೇಡಿ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು. ಬೂದಿ, ಇಟ್ಟಿಗೆ ಪುಡಿ, ಮರಳು ಎನಾಮಲನ್ನು ಸವೆಸುತ್ತವೆ, ಬೇಡ.

3. ಎದೆಹಾಲಿಗೆ ಸಮನಾದುದಿಲ್ಲ, ಅದನ್ನು ನಿಲ್ಲಿಸಬೇಡಿ. ಹಲ್ಲು ಬಂದ ಮೇಲೆ ಶುಚಿ ಮಾಡುವುದನ್ನು ಮರೆಯಬೇಡಿ, ಅಷ್ಟೇ. ಬಾಟಲಿಯ ಹಾಲು ಕುಡಿಯುವ ಮಗುವಿಗೆ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸಕೂಡದು. ವರ್ಷ ತುಂಬುವ ಹೊತ್ತಿಗೆ ಲೋಟದಲ್ಲಿ ಕುಡಿಯಲು ಕಲಿಸಿ. ರಾತ್ರಿ ಬಾಯಾರಿದರೆ ಬರಿಯ ನೀರು. ಜೇನು ಅದ್ದಿದ ರಬ್ಬರಿನ ತೊಟ್ಟು ಖಂಡಿತ ಬೇಡ. ವರ್ಷದೊಳಗಿನ ಕೂಸಿಗೆ ಜೇನೇ ಕೊಡಬಾರದು.

4. ಹಬ್ಬದ ಸಿಹಿಯನ್ನು ಬಿಡಿಸಬೇಕಾಗಿಲ್ಲ. ಕೊಡುವುದನ್ನು ಊಟದ ಜೊತೆಗೆ ಕೊಡಿ. ನಡುನಡುವೆ ಹಸಿವಾದರೆ ಸೌತೆಕಾಯಿ, ಹೆಚ್ಚಿದ ಸೀಬೆ, ಬೇಯಿಸಿದ ಮೊಟ್ಟೆ, ಮೊಸರು, ಬೆಲ್ಲವಿಲ್ಲದ ರಾಗಿ ಅಂಬಲಿ ಇವುಗಳಲ್ಲಿ ಯಾವುದಾದರೂ ಒಂದಿರಲಿ. ಚಿಕ್ಕ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಂಡೀತು.

5. ಸಿಹಿಯಾದ ಔಷಧಿ ಕುಡಿಸಿದ ಮೇಲೆ ಒಂದು ಗುಟುಕು ನೀರು ಕೊಡಿ.

6. ತಿಂಗಳಿಗೊಮ್ಮೆ ಬಿಸಿಲಿನಲ್ಲಿ ಮಗುವಿನ ಮೇಲ್ದುಟಿಯನ್ನು ಎತ್ತಿ ನೋಡಿ. ಬಿಳಿಯ ಗೆರೆ ಕಂಡರೆ ನೋವು ಬರುವವರೆಗೆ ಕಾಯದೆ ವೈದ್ಯರಿಗೆ ತೋರಿಸಿ. ನೋವಿಲ್ಲದಿದ್ದರೂ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಂದು ಸಲ ತೋರಿಸುವುದು ಒಳ್ಳೆಯದು.

7. ನೋವಿರುವ ಹಲ್ಲಿಗೆ ಹೊಗೆಸೊಪ್ಪು, ನಶ್ಯ, ಸುಣ್ಣ ಇಡಬೇಡಿ. ಹೊಗೆ ಹಾಕಿಸಬೇಡಿ. ಕೆನ್ನೆ ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೀವು ಹರಡಿದರೆ ಪ್ರಾಣಕ್ಕೇ ಅಪಾಯವುಂಟು.

ಕೊನೆಯ ಮಾತು

ಆ ಮಗು ಈಗ ಊಟ ಮಾಡುತ್ತದೆ, ನಿದ್ದೆ ಮಾಡುತ್ತದೆ. ಉಳಿದ ದವಡೆ ಹಲ್ಲುಗಳಿಗೆ ಡಾಕ್ಟರಮ್ಮ ಚಿಕಿತ್ಸೆ ಮಾಡಿದ್ದಾರೆ. ಕಿತ್ತ ಹಲ್ಲಿನ ಜಾಗ ಮಾತ್ರ ಖಾಲಿಯೇ ಇದೆ. ಅದು ನಕ್ಕಾಗಲೆಲ್ಲ ಆ ಸಂದಿ ನನಗೆ ಕಾಣುತ್ತದೆ. ಅದರಲ್ಲಿ ನನ್ನ ಪಾಲೂ ಇದೆಯೆಂಬುದನ್ನು ಮರೆಯಲಾರೆ. ಅದರ ತಮ್ಮನಿಗೆ ಎಂಟು ತಿಂಗಳು, ಕೆಳಗೆ ಎರಡು ಹಲ್ಲು ಮೂಡಿವೆ. ಅಜ್ಜಿ ದಿನವೂ ರಾತ್ರಿ ಒದ್ದೆ ಬಟ್ಟೆ ಹಿಡಿದು ಕೂರುತ್ತಾರೆ. ಹೊಗೆ ಹಾಕುವವನು ಮತ್ತೆ ಬಂದಾಗ ಅಜ್ಜಿಯೇ ಅವನಿಗೆ ಬದನೆಬೀಜ ಸೀಳಿ ತೋರಿಸಿದರಂತೆ.

ನನ್ನ ಜೇಬಿನಲ್ಲಿ ಈಗ ಪೆಪ್ಪರಮೆಂಟು ಇರುವುದಿಲ್ಲ, ಭೂತಗನ್ನಡಿ ಇರುತ್ತದೆ. ಮಕ್ಕಳು ಇರುವೆ, ಎಲೆ, ಬೀಜ ನೋಡಲು ಓಡಿ ಬರುತ್ತಾರೆ. ಅವರ ಹಿಂದೆ ತಾಯಂದಿರೂ ಮೊದಲಿನಂತೆಯೇ ಬರುತ್ತಾರೆ. ನಿಮ್ಮ ಊರಿಗೆ ನಾನು ಬಂದಾಗ ನಿಮ್ಮ ಮಗುವಿನ ತುಟಿ ಎತ್ತಿ ತೋರಿಸಿ, ಇಬ್ಬರೂ ಸೇರಿ ನೋಡೋಣ. ರಸಮೇವಿನ ಗುಂಡಿಯ ಅಳತೆ, ಖರ್ಚು, ತುಂಬುವ ಕ್ರಮಗಳನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ಹುಳಿ ಗುಂಡಿಯಲ್ಲಿರಲಿ, ಮಕ್ಕಳ ಹಲ್ಲಿನ ಮೇಲೆ ಬೇಡ.